ತಾಯಿಯ ಸಾಮೀಪ್ಯವೂ ಶುಶ್ರೂಷೆಯೇ

ಆಸ್ಪತ್ರೆಯಲ್ಲಿ ಮಗು ತಾಯಿಗಾಗಿ ಅಳುವುದು ಹಠವಲ್ಲ. ಇದನ್ನು ಒಪ್ಪಿಕೊಳ್ಳಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು. ಹಿಂದೆ ಬ್ರಿಟನ್ನಿನ ಅನೇಕ ಮಕ್ಕಳ ವಾರ್ಡುಗಳಲ್ಲಿ ಹೆತ್ತವರ ಭೇಟಿಗೆ ಕಟ್ಟುನಿಟ್ಟಿನ ಮಿತಿಯಿತ್ತು. ಅಳು ನಿಲ್ಲಿಸಿದ ಮಗು ಅಲ್ಲಿಗೆ ಹೊಂದಿಕೊಂಡಿದೆ ಎಂದೇ ದಾದಿಯರು ತಿಳಿಯುತ್ತಿದ್ದರು. ಆ ಮೌನ ಸಮಾಧಾನವಲ್ಲ, ಹತಾಶೆ ಎಂಬುದನ್ನು ಜೇಮ್ಸ್ ರಾಬರ್ಟ್‌ಸನ್‌ರ 1952ರ ಚಲನಚಿತ್ರ ತೋರಿಸಿಕೊಟ್ಟಿತು. ಆಸ್ಪತ್ರೆ ಸೇರಿದ ಎರಡು ವರ್ಷದ ಬಾಲಕಿಯೊಬ್ಬಳ ಎಂಟು ದಿನಗಳು ಅದರಲ್ಲಿದ್ದವು. ಹೆತ್ತವರ ಭೇಟಿಗೆ ಸಮಯದ ಕಟ್ಟಳೆ ಬೇಡ, ಪುಟ್ಟ ಮಕ್ಕಳ ತಾಯಂದಿರು ಜೊತೆಗೇ ಉಳಿಯಲಿ ಎಂದು 1959ರ ಪ್ಲಾಟ್ ವರದಿ ಶಿಫಾರಸು ಮಾಡಿತು.

ಒಳ್ಳೆಯ ದಾದಿ ತಾಯಿಯನ್ನು ಹೊರಗೆ ಕಳುಹಿಸುವುದಿಲ್ಲ, ಆರೈಕೆಯಲ್ಲಿ ಜೊತೆಗೂಡಿಸಿಕೊಳ್ಳುತ್ತಾಳೆ. ಸಹೋದರಿಯರೇ, ಚುಚ್ಚುಮದ್ದಿನ ವೇಳೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದೇ ಎಂದು ಕೇಳಲು ಸಂಕೋಚಪಡಬೇಡಿ. ‘ನೋವೇ ಆಗುವುದಿಲ್ಲ’ ಎಂದು ಮಗುವಿಗೆ ಸುಳ್ಳು ಹೇಳಲೂಬೇಡಿ.