ಹಗ್ಗ ಎಸೆದ ಕೈಗೂ ಒಂದು ಪದಕ

ಕೂಡ್ಲಿಗಿ, ಕೊಟ್ಟೂರು ಕಡೆಯ ಹೊಲಗಳಲ್ಲಿ ಕೃಷಿಹೊಂಡದ ದಂಡೆಗೆ ನಿಂತು ನೋಡಿದರೆ ಅಪಾಯ ನೀರಿನಲ್ಲಿದೆ ಅನ್ನಿಸುತ್ತದೆ. ನಿಜವಾಗಿ ಅದು ಇರುವುದು ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ. ನೀರು ಇಂಗಬಾರದೆಂದು ಹಾಸಿದ ಆ ಹಾಳೆಗೆ ಒಂದಿಷ್ಟು ಪಾಚಿ ಕಟ್ಟಿದರೆ ಸಾಕು, ಎಣ್ಣೆ ಸವರಿದ ಹಾಗೆ ಜಾರುತ್ತದೆ. ಕೊಡ ತುಂಬಲು ಹೋಗಿ ಕಾಲು ಜಾರಿದ ಹುಡುಗನಿಗೆ ಹಿಡಿಯಲು ಕಲ್ಲಿಲ್ಲ, ಬೇರಿಲ್ಲ, ಮೆಟ್ಟಿಲಿಲ್ಲ. ಅವನನ್ನು ಎಳೆದು ತರಲು ಹಾರಿದ ಗೆಳೆಯನಿಗೂ ಅವು ಇರುವುದಿಲ್ಲ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆ ಬರದ ಸೀಮೆಗೆ ಇಂಥ ಹೊಂಡಗಳನ್ನು ಕೊಟ್ಟಿತು. ಸುತ್ತ ತಂತಿಬೇಲಿ ಬೇಕೆಂಬ ಮಾತು ಆಮೇಲೆ ಬಂತು. ಇದರ ಜೊತೆಗೆ ಹಡಗಲಿ, ಹರಪನಹಳ್ಳಿಯ ಅಂಚಿಗೆ ಹರಿಯುವ ತುಂಗಭದ್ರೆ, ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರು ಮತ್ತು ಮಾಲವಿ ಜಲಾಶಯ. ಮಳೆ ಕಡಿಮೆಯಾದರೂ ಮಕ್ಕಳು ನೀರಿಗೆ ಬೀಳುವ ಜಾಗಗಳಿಗೆ ಈ ಐದು ತಾಲ್ಲೂಕುಗಳಲ್ಲಿ ಕೊರತೆಯಿಲ್ಲ. ಇಂಥ ಕಡೆ ಹುಡುಗನೊಬ್ಬ ಇನ್ನೊಬ್ಬನ ಜೀವ ಉಳಿಸಿದರೆ ಅವನನ್ನು ಗುರುತಿಸಬೇಕಾದವರು ಯಾರು, ಯಾವ ಕಾರಣಕ್ಕೆ ಗುರುತಿಸಬೇಕು ಎಂಬುದು ಸನ್ಮಾನ ಸಮಾರಂಭದ ಶಾಲು-ಹಾರದಲ್ಲಿ ಮುಗಿಯುವ ವಿಷಯವಲ್ಲ.

ನಮ್ಮ ದೇಶದಲ್ಲಿ ಮಕ್ಕಳ ಶೌರ್ಯಕ್ಕೆ ಪ್ರಶಸ್ತಿ ಹುಟ್ಟಿದ್ದೇ ಒಬ್ಬ ಸ್ಕೌಟ್ ಹುಡುಗನಿಂದ. 1957ರ ಅಕ್ಟೋಬರ್ 2ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ಪ್ರಧಾನಿ ನೆಹರೂ ಕಾರ್ಯಕ್ರಮ ನೋಡುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ಹತ್ತಿತು. ಹದಿನಾಲ್ಕು ವರ್ಷದ ಹರಿಶ್ಚಂದ್ರ ತನ್ನಲ್ಲಿದ್ದ ಚಾಕು ತೆಗೆದು ಉರಿಯುತ್ತಿದ್ದ ಬಟ್ಟೆಯನ್ನು ಸೀಳಿದ, ಒಳಗೆ ಸಿಕ್ಕಿಕೊಂಡಿದ್ದ ಜನಕ್ಕೆ ದಾರಿಯಾಯಿತು. ನೆಹರೂ ಸೂಚನೆಯಂತೆ ಭಾರತೀಯ ಮಕ್ಕಳ ಕಲ್ಯಾಣ ಪರಿಷತ್ತು ಕೊಡತೊಡಗಿದ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಮರುವರ್ಷ ಅವನಿಗೂ ಇನ್ನೊಂದು ಮಗುವಿಗೂ ಸಂದಿತು. ಈ ಕಥೆ ಹೇಳುವವರೆಲ್ಲ ಹುಡುಗನ ಎದೆಗಾರಿಕೆಯನ್ನು ಹೊಗಳುತ್ತಾರೆ, ಚಾಕುವನ್ನು ಮರೆಯುತ್ತಾರೆ. ಅಂದು ಜೀವ ಉಳಿಸಿದ್ದು ಕೈಯಲ್ಲಿ ಒಂದು ಸಾಧನ ಇದ್ದದ್ದು, ಅದನ್ನು ಎಲ್ಲಿ ಹಾಕಬೇಕೆಂದು ತಲೆಗೆ ಹೊಳೆದದ್ದು. ಓಬವ್ವನ ತವರು ನಮ್ಮ ಗುಡೇಕೋಟೆ ಎಂದು ಹೆಮ್ಮೆಪಡುವ ಕೂಡ್ಲಿಗಿ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓಬವ್ವ ದಂಡಿನ ನಡುವೆ ನುಗ್ಗಲಿಲ್ಲ. ಒಬ್ಬೊಬ್ಬನೇ ತೂರಿ ಬರಬೇಕಾದ ಕಿಂಡಿಯ ಪಕ್ಕ, ಮನೆಯ ಒನಕೆ ಹಿಡಿದು ನಿಂತಳು.

ಹಾಗಿದ್ದರೂ ನಮ್ಮ ಪದಕಗಳು ಅಳೆಯುವುದು ಹೆಚ್ಚಾಗಿ ಅಪಾಯವನ್ನೇ. ಬ್ರಿಟನ್ನಿನ ಸ್ಕೌಟ್ ಸಂಸ್ಥೆಯಲ್ಲಿ ಶೌರ್ಯಕ್ಕೆ ಕಂಚು, ಬೆಳ್ಳಿ, ಗಿಲ್ಟ್ ಎಂಬ ಮೂರು ಕ್ರಾಸ್‌ಗಳಿವೆ. ಅಲ್ಲಿ ಕಂಚೇ ಎಲ್ಲಕ್ಕಿಂತ ಮೇಲು (ವಿಕ್ಟೋರಿಯಾ ಕ್ರಾಸ್ ಕೂಡ ಕಂಚಿನದೇ). ಪ್ರಾಣಾಪಾಯ ಹೆಚ್ಚಿದ್ದಷ್ಟೂ ಪದಕ ದೊಡ್ಡದು. ಸೈನಿಕರಿಗೆ ಒಪ್ಪುವ ಈ ಏಣಿಯನ್ನು ಮಕ್ಕಳಿಗೆ ಇಟ್ಟರೆ, ಮುಳುಗುವವನತ್ತ ಹಗ್ಗ ಎಸೆದು ಅವನನ್ನೂ ತನ್ನನ್ನೂ ಉಳಿಸಿಕೊಂಡ ಹುಡುಗಿಗಿಂತ, ಈಜು ಬಾರದೆ ಹಾರಿ ಹೇಗೋ ಬದುಕಿ ಬಂದವನು ಮೇಲಿನ ಮೆಟ್ಟಿಲಲ್ಲಿ ನಿಲ್ಲುತ್ತಾನೆ. ಅಮೆರಿಕದ ಸ್ಕೌಟುಗಳು ಸ್ವಲ್ಪ ಬೇರೆ ದಾರಿ ಹಿಡಿದಿದ್ದಾರೆ. ಅವರ ಹಾನರ್ ಮೆಡಲ್‌ಗೆ ಅಡ್ಡ ತಾಳೆಗರಿಯ ಗುರುತು ಸೇರಬೇಕಾದರೆ ಅಪಾಯದ ಜೊತೆಗೆ ಅಸಾಧಾರಣ ಕೌಶಲವನ್ನೂ ತೋರಿರಬೇಕು. ನಮಗೆ ಇನ್ನೊಂದು ಹೆಜ್ಜೆ ಮುಂದೆ ಹೋಗುವುದು ಒಳ್ಳೆಯದು: ಅಪಾಯವನ್ನು ತಗ್ಗಿಸಿದ್ದಕ್ಕೇ ಅಂಕ.

ಇನ್ನು, ಸರ್ಕಾರದ ಪ್ರಶಸ್ತಿಗಳಿವೆಯಲ್ಲ, ಶಾಲೆಯ ಸ್ಕೌಟ್ ದಳವೋ ಸೇವಾದಳವೋ ಬೇರೆ ಗುರುತಿಸುವುದೇಕೆ ಎಂದು ಕೇಳಬಹುದು. ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಹುಡುಗರಿಗೆ ಹೊಯ್ಸಳ, ಹುಡುಗಿಯರಿಗೆ ಕೆಳದಿ ಚೆನ್ನಮ್ಮ ಹೆಸರಿನಲ್ಲಿ ಶೌರ್ಯ ಪ್ರಶಸ್ತಿ ಕೊಡುತ್ತದೆ, ಒಳ್ಳೆಯ ಕೆಲಸ. ಆದರೆ ದೊಡ್ಡ ಪ್ರಶಸ್ತಿಗೆ ಅರ್ಜಿ ಹೋಗಬೇಕು, ಅರ್ಜಿಗೆ ಪುರಾವೆ ಬೇಕು. ಮಗು ಸತ್ತರೆ ಠಾಣೆಯಲ್ಲಿ ಕಾಗದ ಹುಟ್ಟುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಮಗು ಉಳಿದರೆ? ಅವ್ವ ಎರಡೇಟು ಹಾಕಿ, ಮೈ ಒರೆಸಿ, ದೃಷ್ಟಿ ತೆಗೆದು ಮಲಗಿಸುತ್ತಾಳೆ. ಅಲ್ಲಿಗೆ ದಾಖಲೆ ಮುಗಿಯಿತು. ಚೆನ್ನಾಗಿ ನಡೆದ ರಕ್ಷಣೆ ಗುರುತೇ ಉಳಿಸುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ರಾಯಚೂರು ಜಿಲ್ಲೆಯ ಹಿರೇರಾಯನಕುಂಪಿಯ ಬಾಲಕ ವೆಂಕಟೇಶ ಮುಳುಗಿದ ಸೇತುವೆಯ ಮೇಲೆ ಆಂಬುಲೆನ್ಸಿನ ಮುಂದೆ ನಡೆದು ದಾರಿ ತೋರಿಸಿದ. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು, ಬರಬೇಕಾದದ್ದೇ. ಆದರೆ ದಡದಲ್ಲಿ ಯಾರೋ ಮೊಬೈಲ್ ಹಿಡಿದಿದ್ದರು ಎಂಬುದೂ ನಿಜ. ಕ್ಯಾಮೆರಾ ಇಲ್ಲದ ಕಡೆ ನಡೆದದ್ದನ್ನು ಕೇಳಿ, ವಿಚಾರಿಸಿ, ಅದೇ ವಾರ ಬರೆದಿಡಬಲ್ಲವರು ದಳದ ಮೇಷ್ಟ್ರು ಮತ್ತು ಜೊತೆಯ ಮಕ್ಕಳು ಮಾತ್ರ.

ಪ್ರಶಸ್ತಿಯ ಆಸೆಗೆ ಮಕ್ಕಳು ಹುಚ್ಚು ಸಾಹಸಕ್ಕೆ ಇಳಿದಾರು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆದರೆ ಮುಳುಗುವವರನ್ನು ಕಂಡು ಹಾರುವ ಮಗು ಪದಕ ನೆನೆದು ಹಾರುವುದಿಲ್ಲ. ಹಾರುವುದೊಂದೇ ಅದಕ್ಕೆ ಗೊತ್ತಿರುವ ದಾರಿ. 2018ರ ಜನವರಿಯಲ್ಲಿ, ರಾಷ್ಟ್ರೀಯ ಶೌರ್ಯ ಪ್ರಶಸ್ತಿಗಳಲ್ಲಿ ಒಂದಾದ ಗೀತಾ ಚೋಪ್ರಾ ಪ್ರಶಸ್ತಿ ಕರ್ನಾಟಕದ ಹದಿನಾಲ್ಕರ ಹುಡುಗಿಯೊಬ್ಬಳಿಗೆ ಮರಣೋತ್ತರವಾಗಿ ಬಂತು. ಕ್ವಾರಿಯ ಹೊಂಡದಿಂದ ಒಬ್ಬನನ್ನು ಮೇಲೆ ತಂದು, ಇನ್ನೊಬ್ಬನಿಗಾಗಿ ಮತ್ತೆ ನೀರಿಗಿಳಿದವಳು ತಿರುಗಿ ಬರಲಿಲ್ಲ. ಆ ಮಗುವಿನ ದೊಡ್ಡತನಕ್ಕೆ ತಲೆಬಾಗಲೇಬೇಕು. ಆದರೆ ಅವಳ ಕಥೆಯನ್ನು ಶಾಲೆಯಲ್ಲಿ ಹೇಳುವಾಗ, ದಂಡೆಯಲ್ಲಿ ಒಂದು ಹಗ್ಗ ಇದ್ದಿದ್ದರೆ ಎಂಬ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಮುಂದಿನ ಮಗುವಿಗೆ ನಾವು ಕಲಿಸುವುದು ಸಾಯುವುದನ್ನು.

ಆ ಪ್ರಶ್ನೆಗೆ ಉತ್ತರ ಕೊಡುವ ಕಸುಬು ಯುವ ಸಂಘಟನೆಗಳ ಕೈಯಲ್ಲೇ ಇದೆ. ಎಳೆದಷ್ಟೂ ಬಿಗಿಯುವ ಜಾರುಕುಣಿಕೆ ಹಾಕಿ ಎಸೆದರೆ ಅದು ಮುಳುಗುವವನ ಉಸಿರನ್ನೇ ಹಿಡಿಯುತ್ತದೆ. ಎಷ್ಟು ಎಳೆದರೂ ಬಿಗಿಯದ ಕುಣಿಕೆಯೊಂದಿದೆ, ಬೌಲೈನ್ ಎನ್ನುತ್ತಾರೆ, ಸ್ಕೌಟ್ ಮಕ್ಕಳು ಕಲಿಯುವ ಮೊದಮೊದಲ ಗಂಟುಗಳಲ್ಲಿ ಅದೂ ಒಂದು. ದನ ಕಟ್ಟಿ ಬಲ್ಲ ಕೈಗೆ ಅರ್ಧ ಗಂಟೆಯ ಅಭ್ಯಾಸ ಸಾಕು. ಹಗ್ಗವಿಲ್ಲದಿದ್ದರೆ ಎರಡು ಸೀರೆಗಳನ್ನು ಗಂಟು ಹಾಕಬಹುದು, ಬಾಯಿ ಕಟ್ಟಿದ ಖಾಲಿ ಪ್ಲಾಸ್ಟಿಕ್ ಕೊಡವನ್ನು ತೇಲಿಬಿಡಬಹುದು; ಎಳೆಯುವವನು ಹೊಟ್ಟೆಯ ಮೇಲೆ ಮಲಗಿರಬೇಕು, ಇಲ್ಲವಾದರೆ ಅವನೂ ಜಾರುತ್ತಾನೆ. ಹರಪನಹಳ್ಳಿಗೆ ದೂರವಲ್ಲದ ಕೊಂಡಜ್ಜಿಯಲ್ಲಿ ಸ್ಕೌಟ್ ತರಬೇತಿ ಕೇಂದ್ರವೇ ಇದೆ. ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಸೇವಾದಳದ ಹೆಸರು ಇಂದಿಗೂ ಶಾಲೆಗಳಲ್ಲಿದೆ. ಪಥಸಂಚಲನಕ್ಕೆ ಕೊಡುವ ಸಮಯದಲ್ಲಿ ಒಂದಿಷ್ಟನ್ನು ಕೆರೆಯ ದಂಡೆಗೆ ಕೊಟ್ಟರೆ ಯಾರ ಶಿಸ್ತೂ ಕೆಡುವುದಿಲ್ಲ.

ನೀರು, ಬೆಂಕಿಯಷ್ಟೇ ಧೈರ್ಯದ ಜಾಗಗಳಲ್ಲ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೂ ಅದರ ನೆರಳು ಈ ಸೀಮೆಯ ಹುಡುಗಿಯರನ್ನು ಪೂರ್ತಿ ಬಿಟ್ಟಿಲ್ಲ, ಬಾಲ್ಯವಿವಾಹವೂ ನಿಂತಿಲ್ಲ. ತನ್ನದೋ ಗೆಳತಿಯದೋ ಮದುವೆ ನಿಲ್ಲಿಸಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಹುಡುಗಿ ಅದೇ ಮನೆಯಲ್ಲಿ, ಅದೇ ಓಣಿಯಲ್ಲಿ ಬದುಕಬೇಕು. ಇಂಥವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರೆ ಅವಳ ಕಷ್ಟ ಹೆಚ್ಚುತ್ತದೆ. ರಕ್ಷಣೆ ಬೇಕಾದ ಮಗುವಿನ ಗುರುತು ಬಯಲಾಗಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಹೇಳುವುದೂ ಇದನ್ನೇ. ಅವಳಿಗೆ ಗೈಡ್ ಕ್ಯಾಪ್ಟನ್ ಮೇಡಂ ಬಾಗಿಲು ಹಾಕಿಕೊಂಡು, ಏನು ಮಾಡಿದೆ, ಹೇಗೆ ಮಾಡಿದೆ ಎಂದು ಕೈಬರಹದಲ್ಲಿ ಬರೆದ ಒಂದು ಪತ್ರ ಕೊಡಬಹುದು. ದಳದ ಪುಸ್ತಕದಲ್ಲಿ ತಾರೀಕು ಇರಲಿ, ಹೆಸರಿನ ಜಾಗ ಖಾಲಿ ಇರಲಿ.