ಮಾಯದ ಕಾಲುಹುಣ್ಣು: ಮೂಲ ರಕ್ತನಾಳದಲ್ಲಿ

ಕಾಲ್ಗಂಟಿನ ಒಳಬದಿಗೆ, ತುಸು ಮೇಲೆ, ತಿಂಗಳುಗಟ್ಟಲೆ ಮಾಯದೆ ಉಳಿಯುವ ಹುಣ್ಣನ್ನು ನಿಮ್ಮ ಮನೆಯ ಅಥವಾ ಓಣಿಯ ಹಿರಿಯರಲ್ಲಿ ನೀವು ನೋಡಿರಬಹುದು. ಅರಿಶಿನ ಹಚ್ಚಿದ್ದಾಯಿತು, ಮುಲಾಮು ಬದಲಿಸಿದ್ದಾಯಿತು, ಇಂಜೆಕ್ಷನ್ನೂ ಆಯಿತು. ಹುಣ್ಣು ಮಾತ್ರ ಹಾಗೆಯೇ ಇದೆ. ಏಕೆಂದರೆ ಅನೇಕರಲ್ಲಿ ಇದರ ಮೂಲ ಚರ್ಮದಲ್ಲಿಲ್ಲ, ಒಳಗಿನ ರಕ್ತನಾಳದಲ್ಲಿದೆ.

ಹೃದಯದಿಂದ ಅಪಧಮನಿಗಳ ಮೂಲಕ ಕಾಲಿಗಿಳಿದ ರಕ್ತ ಅಭಿಧಮನಿಗಳಲ್ಲಿ ಮೇಲೇರಿ ಹಿಂದಿರುಗಬೇಕು. ಅದನ್ನು ಮೇಲಕ್ಕೆ ತಳ್ಳುವ ಪಂಪು ನಮ್ಮ ಮೀನಖಂಡ. ನಡೆಯುವಾಗ ಅದು ಅಭಿಧಮನಿಯನ್ನು ಹಿಂಡುತ್ತದೆ. ಒಳಗಿನ ಪುಟ್ಟ ಕವಾಟಗಳು ಏರಿದ ರಕ್ತ ಜಾರದಂತೆ ತಡೆಯುತ್ತವೆ. ತೋಳಿಗೆ ಪಟ್ಟಿ ಕಟ್ಟಿ ಈ ಕವಾಟಗಳ ಕೆಲಸವನ್ನು ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ವಿವರಿಸಿದ. ವಿದ್ಯಾರ್ಥಿಗಳು ಇನ್ನೂ ಸುಲಭದ ಪ್ರಯೋಗವೊಂದನ್ನು ಮಾಡಬಹುದು. ಕೈ ಇಳಿಬಿಟ್ಟರೆ ಮುಂಗೈಯ ನೀಲಿ ನಾಳಗಳು ಉಬ್ಬುತ್ತವೆ, ತಲೆಯ ಮೇಲೆತ್ತಿದರೆ ಬತ್ತುತ್ತವೆ.

ಸುಮ್ಮನೆ ನಿಂತಾಗ ಕಾಲ್ಗಂಟಿನ ಅಭಿಧಮನಿಯ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆದಾಗ ಅದು 30ಕ್ಕೂ ಕೆಳಗೆ ಇಳಿಯುತ್ತದೆ. ಕವಾಟ ಕೆಟ್ಟರೆ ಹೀಗೆ ಇಳಿಯುವುದಿಲ್ಲ. ನಾಳಗಳು ಹಾವಿನಂತೆ ಸುರುಳಿಗಟ್ಟಿ ಉಬ್ಬುತ್ತವೆ, ಸಂಜೆ ಕಾಲು ಬಾಯುತ್ತದೆ, ಚರ್ಮ ಕಪ್ಪಾಗಿ ತುರಿಸುತ್ತದೆ. ಆಮೇಲೆ ಸಣ್ಣ ಗೀರೂ ಹುಣ್ಣಾಗುತ್ತದೆ. ವಂಶ, ವಯಸ್ಸು, ಬೊಜ್ಜು, ಹೆಚ್ಚು ಬಸಿರು, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ದಿನವಿಡೀ ನಿಂತು ಮಾಡುವ ಕೆಲಸ ಇವೆಲ್ಲ ಕಾರಣಗಳು.

ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರಲ್ಲಿ ಇದು ಬರೀ ಕಾಲುನೋವಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಹೊಲಕ್ಕೆ ಹೋಗದ ದಿನ ಕೂಲಿಯಿಲ್ಲ. ವಾಸನೆಗೆ ನಾಚಿ ಎಷ್ಟೋ ಮಂದಿ ಮದುವೆ, ಜಾತ್ರೆಗಳಿಂದಲೂ ದೂರ ಉಳಿಯುತ್ತಾರೆ.

ಇದಕ್ಕೆ ಮುಖ್ಯ ಮದ್ದು ಮುಲಾಮಲ್ಲ, ಬಿಗಿಪಟ್ಟಿ. ಕಾಲ್ಬೆರಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ, ಕಾಲ್ಗಂಟಿನಲ್ಲಿ ಸುಮಾರು 40 ಮಿಲಿಮೀಟರ್ ಒತ್ತಡ ಬೀಳುವಂತೆ, ಮೇಲೆ ಹೋದಂತೆ ಸಡಿಲವಾಗುವಂತೆ ತಿಳಿದವರೇ ಕಟ್ಟಬೇಕು. ಅದಕ್ಕೂ ಮುನ್ನ ತೋಳಿನ ಮತ್ತು ಕಾಲ್ಗಂಟಿನ ರಕ್ತದೊತ್ತಡಗಳನ್ನು ಡಾಪ್ಲರ್ ಉಪಕರಣದಿಂದ ಹೋಲಿಸಿ ನೋಡುವುದು ಅಗತ್ಯ. ಅಪಧಮನಿಯೇ ಕಟ್ಟಿಕೊಂಡಿದ್ದರೆ ಬಿಗಿಪಟ್ಟಿ ಕಾಲಿಗೇ ಕುತ್ತು ತರಬಹುದು. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರದಿಂದಿರಬೇಕು. ಸೋಂಕಿನ ಲಕ್ಷಣವಿಲ್ಲದೆ ಆಂಟಿಬಯಾಟಿಕ್ ನುಂಗಿ ಫಲವಿಲ್ಲ.

ಕೆಟ್ಟ ನಾಳವನ್ನು ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಮುಚ್ಚುವ ಚಿಕಿತ್ಸೆಯೂ ಈಗ ಇದೆ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿಪಟ್ಟಿಯ ಜೊತೆಗೆ ಕೆಟ್ಟ ನಾಳವನ್ನು ಮುಚ್ಚುವ ಚಿಕಿತ್ಸೆಯನ್ನು ಬೇಗನೆ ಪಡೆದವರ ಹುಣ್ಣು ಮಾಯಲು ಹಿಡಿದ ಮಧ್ಯಮ ಅವಧಿ 56 ದಿನ. ತಡವಾಗಿ ಪಡೆದವರಲ್ಲಿ 82 ದಿನ.

ಆದ್ದರಿಂದ ಎರಡು ವಾರದಲ್ಲಿ ಮಾಯದ ಹುಣ್ಣನ್ನು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯಬಿದ್ದರೆ ಅಲ್ಲಿಂದ ಹಾವೇರಿಯ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಚೀಟಿ ಬರೆಸಿಕೊಳ್ಳಿ. ವರ್ಷಗಟ್ಟಲೆ ಉಳಿದು ಅಂಚು ದಪ್ಪಗಾದ ಹುಣ್ಣಿನಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುವುದುಂಟು; ಅದರ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಮನೆಯಲ್ಲಿ ಮಕ್ಕಳೂ ನೆರವಾಗಬಹುದು. ಮಲಗಿದ ಅಜ್ಜಿಯ ಕಾಲಡಿ ದಿಂಬಿಟ್ಟು ಎದೆಯ ಮಟ್ಟಕ್ಕಿಂತ ಮೇಲಿರಿಸಿ. ದಿನವೂ ನಾಲ್ಕು ಹೆಜ್ಜೆ ಜೊತೆಗೆ ನಡೆಸಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲು ಹೇಳಿ. ಹುಣ್ಣು ಮಾಯಿತೆಂದು ಬಿಗಿ ಕಾಲುಚೀಲವನ್ನು ಮೂಲೆಗೆಸೆಯಲು ಬಿಡಬೇಡಿ. ಕವಾಟ ತಾನಾಗಿ ಸರಿಹೋಗುವುದಿಲ್ಲ. ಚೀಲ ಬಿಟ್ಟರೆ ಹುಣ್ಣು ಮರಳಬಹುದು.