ಟ್ರೇಲರ್ ಜಾಕಿನ ಪೈಪು ಸೋರಿದರೆ

ಬೇಸಿಗೆಯಲ್ಲಿ ನಮ್ಮ ಕಡೆ ಕೆರೆಗೋಡು ಹೊಡೆಯುವ ಕೆಲಸ. ಟ್ರೇಲರ್ ಎತ್ತುವ ಜಾಕಿಗೆ ಟ್ರಾಕ್ಟರಿನಿಂದ ಆಯಿಲ್ ಹೋಗುವ ಪೈಪು ಕೈಕೊಡೋದೂ ಆಗಲೇ. ಚಾಸಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಹರಿಯುತ್ತೆ. ಮಳೆನೀರು ಇಳಿದು ಒಳಗಿನ ತಂತಿ ತುಕ್ಕು ಹಿಡಿಯುತ್ತೆ. ಆಮೇಲೆ ಭಾರ ಎತ್ತುವಾಗ ಪಟ್ ಅಂತ ಬಿಡುತ್ತೆ.

ಇದು ನೀರಿನ ಪೈಪಿನಂಥದಲ್ಲ. ಒಳಗೆ ಎಣ್ಣೆ ತಡೆಯುವ ರಬ್ಬರ್ ನಳಿಗೆ, ಅದರ ಮೇಲೆ ಉಕ್ಕಿನ ತಂತಿಯ ಹೆಣಿಗೆ, ಹೊರಗೆ ಇನ್ನೊಂದು ರಬ್ಬರ್ ಹೊದಿಕೆ. ಒತ್ತಡ ತಡೆಯೋದು ತಂತಿ. ಒಂದು ಪದರ ತಂತಿಯದಕ್ಕೆ ಆರ್ 1, ಎರಡು ಪದರದ್ದಕ್ಕೆ ಆರ್ 2 ಎಂದು ಮೈಮೇಲೆ ಅಚ್ಚು ಇರುತ್ತೆ. ಅರ್ಧ ಇಂಚಿನ ಆರ್ 1 ಸುಮಾರು 160 ಬಾರ್ ಒತ್ತಡಕ್ಕೆ, ಆರ್ 2 ಸುಮಾರು 275 ಬಾರಿಗೆ. ಟ್ರಾಕ್ಟರಿನ ಹೈಡ್ರಾಲಿಕ್ 150ರಿಂದ 200 ಬಾರ್‌ವರೆಗೂ ಹೋಗುತ್ತೆ (ಕಾರಿನ ಟೈರಿನಲ್ಲಿರೋದು ಎರಡು ಬಾರ್ ಚಿಲ್ಲರೆ). ಹಾಗಾಗಿ ಆರ್ 2 ಕೇಳಿ ಹಾಕಿಸಿ.

ಪೈಪು ಒಡೆದುಹೋದರೆ ಕಣ್ಣಿಗೆ ಕಾಣುತ್ತೆ. ಹೆದರಬೇಕಾದ್ದು ಸೂಜಿಮೊನೆಯಷ್ಟು ತೂತಿಗೆ. ಎಲ್ಲಿ ಸೋರ್ತಿದೆ ಅಂತ ಬೆರಳಿನಿಂದ ಸವರಿ ನೋಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅಷ್ಟು ಒತ್ತಡದ ಎಣ್ಣೆ ಚರ್ಮ ತೂರಿ ಒಳಕ್ಕೆ ಹೋಗುತ್ತೆ. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ನೋವು. ಅರಿಶಿನ ಹಚ್ಚಿ ಮಲಗಿದರೆ ಒಳಗೇ ಕೊಳೆತು ಬೆರಳನ್ನೋ ಕೈಯನ್ನೋ ತೆಗೆಯಬೇಕಾಗಿ ಬರಬಹುದು. ಅದೇ ಗಳಿಗೆ ಆಪರೇಷನ್ ಸೌಕರ್ಯವಿರುವ ಆಸ್ಪತ್ರೆಗೆ ಹೋಗಿ, ‘ಹೈಡ್ರಾಲಿಕ್ ಎಣ್ಣೆ ಒಳಗೆ ಹೊಕ್ಕಿದೆ’ ಎಂದೇ ಹೇಳಿ. ಸೋರಿಕೆ ಹುಡುಕಲು ಒಂದು ರಟ್ಟಿನ ಚೂರು ಹಿಡಿದರೆ ಸಾಕು, ಎಣ್ಣೆ ಅದರ ಮೇಲೆ ಬೀಳುತ್ತೆ.

ಬಿಚ್ಚುವ ಮುಂಚೆ ಟ್ರೇಲರ್ ಇಳಿಸಿ, ಇಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಬಿಡಿ. ಮೇಲೆತ್ತಿದಲ್ಲೇ ಸಿಕ್ಕಿಕೊಂಡಿದ್ದರೆ ಗಟ್ಟಿ ದಿಮ್ಮಿ ಆನಿಸದೆ ಪಾನಾ ಹಚ್ಚಬೇಡಿ. ಪೈಪು ಸಡಿಲವಾದ ಕೂಡಲೇ ಡಬ್ಬಿ ಕೆಳಗೆ ಕೂರುತ್ತೆ, ಕೆಳಗಿದ್ದವರ ಗತಿ ಹೇಳಬೇಕಿಲ್ಲ.

ಟ್ಯೂಬ್ ಸುತ್ತಿ ಕ್ಲಿಪ್ ಬಿಗಿಯೋದು, ಮಧ್ಯೆ ತುಂಡರಿಸಿ ನಿಪ್ಪಲ್ ಹಾಕೋದು ಇವೆಲ್ಲ ಡ್ರಿಪ್ ಪೈಪಿಗೆ ಸರಿ. ಇಲ್ಲಿ ತುದಿಗೆ ಲೋಹದ ಬಳೆ ಹಾಕಿ ಮಿಷನ್ನಿನಲ್ಲಿ ಒತ್ತಿಸಲೇಬೇಕು. ಹಳೇ ಪೈಪನ್ನು ಎರಡೂ ತುದಿ ಸಮೇತ ಅಂಗಡಿಗೆ ಒಯ್ಯಿರಿ. ಇಂಚಿನ ಥ್ರೆಡ್ಡು, ಮಿಲಿಮೀಟರ್ ಥ್ರೆಡ್ಡು ನೋಡೋಕೆ ಒಂದೇ ಥರ, ಕೂರೋದು ಮಾತ್ರ ಬೇರೆ. ಒತ್ತಡ ಬಂದಾಗ ಪೈಪು ನೂರಕ್ಕೆ ನಾಲ್ಕರಷ್ಟು ಕುಗ್ಗಬಹುದು, ಅಂದರೆ ಎರಡು ಮೀಟರಿಗೆ ಎಂಟು ಸೆಂಟಿಮೀಟರು. ಟ್ರೇಲರ್ ತಿರುಗುವ ಲೆಕ್ಕವನ್ನೂ ಸೇರಿಸಿ ಉದ್ದ ಹೇಳಿ. ಕತ್ತರಿಸಿದ ಪುಡಿಯನ್ನು ಗಾಳಿ ಹೊಡೆದು ತೆಗೆಸೋದನ್ನು ನಿಂತು ನೋಡಿ, ಅದು ಉಳಿದರೆ ವಾಲ್ವಿಗೆ ಹೋಗಿ ಕೂರುತ್ತೆ.

ಹಳೇ ಕಾರಿನ ಏಸಿ ಪೈಪಿನ ತುದಿಯನ್ನೂ ಹೀಗೇ ಒತ್ತುತ್ತಾರೆ. ಆದರೆ ಆ ಪೈಪೇ ಬೇರೆ. ಬರೀ ರಬ್ಬರಿನಲ್ಲಿ ಗ್ಯಾಸು ನಿಲ್ಲೋದಿಲ್ಲವೆಂದು ಒಳಗೆ ನೈಲಾನ್ ಪದರ ಕೊಟ್ಟಿರುತ್ತಾರೆ. ಅದಕ್ಕೆ ಇದು, ಇದಕ್ಕೆ ಅದು ಆಗದು.

ಹಾಕುವಾಗ ಮೈಮೇಲಿನ ಅಚ್ಚಿನ ಗೆರೆ ನೆಟ್ಟಗಿರಲಿ, ಸುತ್ತಿಕೊಂಡಿದ್ದರೆ ಪೈಪು ತಿರುಚಿದೆ ಎಂದರ್ಥ. ಬಿಗಿಯಲು ಎರಡು ಪಾನಾ ಬೇಕು, ಒಂದು ಹಿಡಿಯೋಕೆ, ಒಂದು ತಿರುಗಿಸೋಕೆ. ಬಾಗುವಲ್ಲಿ 14 ಇಂಚು ಅಡ್ಡಗಲದ ಸುತ್ತಿಗಿಂತ ಕಿರಿದಾಗಬಾರದು. ಚಾಸಿಗೆ ತಾಗುವ ಕಡೆ ಹಳೇ ಟ್ಯೂಬ್ ಸುತ್ತಿ ಕಟ್ಟಿ. ಖಾಲಿ ಟ್ರೇಲರನ್ನು ನಾಲ್ಕೈದು ಸಲ ಎತ್ತಿ ಇಳಿಸಿ, ಕೊನೆಗೆ ಇಳಿಸಿದ ಮೇಲೆ ಕಡ್ಡಿ ಅದ್ದಿ ಆಯಿಲ್ ಮಟ್ಟ ನೋಡಿ, ಕಮ್ಮಿಯಿದ್ದಷ್ಟು ಹೊಯ್ಯಿರಿ.